ಹದಿನೇಳನೇ ನಂಬರಿನ ಮೊಳಗು

ಹೊಳೆನರಸೀಪುರದ ಆ ಹೈಸ್ಕೂಲಿನಲ್ಲಿ ಬ್ಯಾಂಡಿನ ಕೋಣೆ ಎಂದರೆ ಮಹಡಿ ಮೆಟ್ಟಿಲ ಕೆಳಗಿನ ಇಳಿಜಾರು ಜಾಗ. ಒಳಗೆ ಹೋಗುವವರೆಲ್ಲ ತಲೆ ತಗ್ಗಿಸಿಯೇ ಹೋಗಬೇಕು. ರೇವಮ್ಮನೊಬ್ಬಳು ತಗ್ಗಿಸಬೇಕಾಗಿರಲಿಲ್ಲ, ಅವಳ ಎತ್ತರವೇ ಅಷ್ಟು. ನಿನ್ನ ಅಳತೆ ತೆಗೆದುಕೊಂಡೇ ಈ ಕೋಣೆ ಕಟ್ಟಿದ್ದಾರೆ ಎಂದು ಬ್ಯಾಂಡ್ ಮೇಷ್ಟ್ರು ನಂಜಯ್ಯ ನಗುತ್ತಿದ್ದರು.

ರೇವಮ್ಮನ ಗಂಡ ಗಂಗಯ್ಯ ಆ ಶಾಲೆಯ ಜವಾನನಾಗಿದ್ದ. ಅವನು ತೀರಿಕೊಂಡ ಮೇಲೆ ಕೆಲಸ ಹೆಂಡತಿಗೆ ಬಂತು. ಗಂಟೆ ಹೊಡೆಯುವುದು, ಹಾಜರಿ ಪುಸ್ತಕ ಕೊಂಡೊಯ್ಯುವುದು, ಕುಡಿಯುವ ನೀರು ತುಂಬುವುದು. ಬ್ಯಾಂಡಿನ ಬೀರುವಿನ ಕೀಲಿ ಅವಳ ಸೊಂಟಕ್ಕೆ ಬಂದದ್ದು ಆಮೇಲೆ. ಒಂದು ಮಳೆಗಾಲದಲ್ಲಿ ಮೆಟ್ಟಿಲ ಸಂದಿನಿಂದ ನೀರು ಇಳಿದು ಬೀರುವಿನೊಳಗಿನ ಹಾಳೆಗಳು ನೆಂದು ಮುದ್ದೆಯಾದವು. ಎಲ್ಲರೂ ಎಸೆಯಿರಿ ಎಂದರು. ರೇವಮ್ಮ ಅವನ್ನು ಒಂದೊಂದಾಗಿ ಬಿಡಿಸಿ, ಗಂಡನ ಹಳೆಯ ಪಂಚೆಯ ಮೇಲೆ ನೆರಳಿನಲ್ಲಿ ಹರಡಿ, ಹರಿದಲ್ಲಿ ತೆಳ್ಳನೆಯ ಬಟ್ಟೆಯ ಚೂರನ್ನು ಅಕ್ಕಿ ಗಂಜಿಯಲ್ಲಿ ಅಂಟಿಸಿ, ಒಂಬತ್ತನೇ ದಿನಕ್ಕೆ ತಂದಿಟ್ಟಳು. ನಂಜಯ್ಯ ಮೇಷ್ಟ್ರು ಒಂದೊಂದೇ ತಿರುವಿ ನೋಡಿದರು. ಒಂದು ಹಾಳೆಯೂ ತಲೆಕೆಳಗಾಗಿರಲಿಲ್ಲ, ಒಂದೂ ಬೇರೆಯದರೊಳಗೆ ಸೇರಿರಲಿಲ್ಲ. ಅವತ್ತೇ ಕೀಲಿಯನ್ನು ಅವಳ ಕೈಗೆ ಕೊಟ್ಟರು.

ಬೀರುವಿನಲ್ಲಿ ನಲವತ್ತೆರಡು ಕಟ್ಟುಗಳಿದ್ದವು. ಒಂದೊಂದಕ್ಕೂ ಖಾಕಿ ರಟ್ಟು, ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ನಂಬರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ರೇವಮ್ಮ ಅಕ್ಷರವನ್ನು ಕೂಡಿಸಿ ಕೂಡಿಸಿ ಓದುತ್ತಿದ್ದಳು. ನಂಬರು ಮಾತ್ರ ಸಲೀಸು. ಐದು ಗೆರೆಗಳ ಮೇಲೆ ಹತ್ತಿ ಇಳಿಯುವ ಕಪ್ಪು ಗುರುತುಗಳು ಅವಳಿಗೆ ದಾರದ ಮೇಲೆ ಚೆಲ್ಲಿದ ಮೆಣಸಿನಕಾಳಿನ ಹಾಗೆ ಕಾಣುತ್ತಿದ್ದವು. ಆದರೂ ಯಾವ ಹಾಳೆ ಯಾರದೆಂದು ಅವಳು ಹೇಳಿಬಿಡುತ್ತಿದ್ದಳು. ಊದುವ ಮಕ್ಕಳ ಹಾಳೆಯಲ್ಲಿ ಎಂಜಲಿನ ಚುಕ್ಕೆ, ಡ್ರಮ್ಮಿನವರದರಲ್ಲಿ ಬೆವರಿನ ಹೆಬ್ಬೆಟ್ಟು. ಹುಳ ಬೀಳದಿರಲೆಂದು ಅರೆ ಅರೆಯಲ್ಲೂ ಒಣಗಿಸಿದ ಬೇವಿನೆಲೆ ಮತ್ತು ಬಜೆಯ ತುಂಡು ಇಟ್ಟಿರುತ್ತಿದ್ದಳು.

ಹದಿನೇಳನೇ ನಂಬರಿನ ಕಟ್ಟಿನಲ್ಲಿ ಕಲೆ ಕಡಿಮೆ. ಅದನ್ನು ತೆಗೆಸುವ ಧೈರ್ಯ ಮಾಡುವವರೇ ಕಡಿಮೆ. ಅದೊಂದು ಮೊಳಗು. ದೊಡ್ಡವರು ವೇದಿಕೆಗೆ ಬರುವಾಗ, ಬಾವುಟ ಏರುವ ಮೊದಲು, ಕೂತವರೆಲ್ಲ ಎದ್ದು ನಿಲ್ಲಲಿ ಎಂದು ಊದುವಂಥದು. ಬ್ಯಾಂಡಿನವರು ಅದಕ್ಕೆ ಫ್ಯಾನ್‌ಫೇರು ಎನ್ನುತ್ತಾರೆ. ನಂಜಯ್ಯ ಹುಡುಗನಾಗಿದ್ದಾಗ ಮೈಸೂರಿನಲ್ಲಿ ತಮ್ಮ ಗುರುಗಳ ಹಾಳೆ ನೋಡಿಕೊಂಡು ಕೈಯಲ್ಲಿ ಬರೆದುಕೊಂಡು ಬಂದದ್ದು. ಗುರುಗಳ ಹಾಳೆ ಆಮೇಲೆ ಏನಾಯಿತೋ ಯಾರಿಗೂ ತಿಳಿಯದು. ಉಳಿದದ್ದು ಇದೊಂದೇ. ಊದಿದರೆ ಒಂದು ಪಾವು ಹಾಲು ಉಕ್ಕುವಷ್ಟು ಹೊತ್ತೂ ಇಲ್ಲ. ಆದರೆ ಮೊದಲ ಟ್ರಂಪೆಟ್ಟಿನವರು ಏಣಿ ಹತ್ತುವ ಹಾಗೆ ಮೇಲೆ ಮೇಲೆ ಹೋಗಿ, ಕಟ್ಟಕಡೆಗೆ ತುದಿಯ ಸ್ವರವೊಂದನ್ನು ಹಿಡಿದು ಹದಿನಾರು ಎಣಿಸುವವರೆಗೆ ನಿಲ್ಲಿಸಬೇಕು. ಆ ಸ್ವರಕ್ಕೆ ಬೆರಳಿನ ಕೆಲಸವೇ ಇಲ್ಲ. ಮೂರು ಗುಂಡಿಯನ್ನೂ ಬಿಟ್ಟು ಬರೀ ತುಟಿ ಮತ್ತು ಉಸಿರಿನಲ್ಲಿ ನಿಲ್ಲಿಸುವುದು.

ಎರಡು ಮೂರು ವರ್ಷಕ್ಕೊಮ್ಮೆ ನಂಜಯ್ಯ ಯಾರಾದರೂ ಮಗುವಿನ ಮುಂದೆ ಆ ಹಾಳೆ ಇಡುತ್ತಿದ್ದರು. ಮಗು ಎಲ್ಲಿಗೆ ನಿಂತಿತೋ ಅಲ್ಲಿ ಪೆನ್ಸಿಲಿನಲ್ಲಿ ಸಣ್ಣ ಗೆರೆ ಎಳೆದು ಹೆಸರು ತಾರೀಖು ಬರೆಯುತ್ತಿದ್ದರು. ಶೆಟ್ಟಿಹಳ್ಳಿಯ ಹಾಳು ಚರ್ಚಿನ ಗೋಡೆಯಲ್ಲಿ ಯಾವ ವರ್ಷ ಹಿನ್ನೀರು ಎಲ್ಲಿವರೆಗೆ ಏರಿತ್ತು ಎಂಬ ಗುರುತು ಉಳಿದಿರುತ್ತದಲ್ಲ, ಹಾಗೆ ಆ ಹಾಳೆಯಲ್ಲಿ ಗೆರೆಯ ಮೇಲೆ ಗೆರೆ ಏರಿತ್ತು. ತುದಿ ಮುಟ್ಟಿದ್ದು ಒಂದೂ ಇರಲಿಲ್ಲ. ಕೆಲಸ ಬಿಡುವುದರೊಳಗೆ ಒಂದು ಸಲ ಇದನ್ನು ನಾಲ್ಕು ಜನರ ಮುಂದೆ ಕೇಳಬೇಕು, ಬೇರೆ ಆಸೆಯಿಲ್ಲ ಎಂದು ಮೇಷ್ಟ್ರು ರೇವಮ್ಮನಲ್ಲಿ ಎರಡು ಸಲ ಹೇಳಿದ್ದರು.

ಆಗ ಬಂದವಳು ಇಂಚರ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಮುರಳೀಕೃಷ್ಣ ಅವರ ಮಗಳು. ಮನೆಯಲ್ಲಿ ವೀಣೆ ಕಲಿ ಎಂದರೆ ಇವಳು ಟ್ರಂಪೆಟ್ಟು ಹಿಡಿದಳು. ಹೆಣ್ಣುಮಕ್ಕಳು ಶಂಖ ಊದೋದನ್ನೇ ನೋಡಿರಲಿಲ್ಲ, ಇದೊಂದು ಬಾಕಿಯಿತ್ತು ಎಂದು ಅವಳ ಅಜ್ಜಿ ಅಂದರಂತೆ. ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳು ಹದಿನೇಳೊಂದನ್ನು ಬಿಟ್ಟು ಬೀರುವಿನ ಎಲ್ಲ ಕಟ್ಟುಗಳನ್ನೂ ಊದಿ ಮುಗಿಸಿದ್ದಳು. ಆ ವರ್ಷ ವಿಜಯದಶಮಿಯ ಸಂಜೆ ಹಾಸನದಲ್ಲಿ ಜಿಲ್ಲೆಯ ಶಾಲಾ ಬ್ಯಾಂಡುಗಳ ಕಾರ್ಯಕ್ರಮವಿತ್ತು. ನಂಜಯ್ಯ ಹದಿನೇಳನ್ನು ಹೊರಗೆ ತೆಗೆಸಿದರು.

ದಸರಾ ರಜೆ ಶುರುವಾಗಿದ್ದರೂ ಮಕ್ಕಳು ದಿನಾ ಬರುತ್ತಿದ್ದರು. ಷಷ್ಠಿಯ ದಿನ ಸಂಜೆ ನಾಲ್ಕರ ಸುಮಾರಿಗೆ, ಉಳಿದವರೆಲ್ಲ ಹೋದ ಮೇಲೆ, ಇಂಚರ ಜಗಲಿಯಲ್ಲಿ ನಿಂತು ಒಬ್ಬಳೇ ಊದಿದಳು. ರೇವಮ್ಮ ಕಸಪೊರಕೆ ಹಿಡಿದು ಕಂಬದ ಪಕ್ಕ ನಿಂತಿದ್ದಳು. ಸ್ವರ ಏರಿ ಏರಿ ತುದಿಯಲ್ಲಿ ನಿಂತಾಗ ಅವಳು ತನಗರಿವಿಲ್ಲದೆ ಎಣಿಸತೊಡಗಿದಳು. ಹದಿನಾರಕ್ಕೆ ಸ್ವರ ಕತ್ತರಿಸಿದ ಹಾಗೆ ನಿಂತಿತು. ಮರದಲ್ಲಿದ್ದ ಕಾಗೆಗಳೆಲ್ಲ ಎದ್ದು ಹೋಗಿದ್ದವು. ನಂಜಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹೇಳಿದರು:

“ತುಟಿ ಅನ್ನೋದು ಈಗ ಕಟ್ಟಿದ ಗೋಡೆ ಇದ್ದಂಗೆ ಕಣವ್ವ. ದಿನಾ ನೀರು ಕುಡಿಸ್ತಾ ಇದ್ರೆ ಗಟ್ಟಿಯಾಯ್ತದೆ. ಮಧ್ಯದಲ್ಲಿ ಬಿಟ್ಯೋ, ಬಿರುಕು.”

ಈ ಮಾತನ್ನು ರೇವಮ್ಮ ತನ್ನ ಕಿವಿಯಿಂದಲೇ ಕೇಳಿದಳು. ಕೇಳಲಿಲ್ಲ ಎಂದು ಅವಳು ಮುಂದೆಂದೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಮರುದಿನ ಬೆಳಿಗ್ಗೆ ನಂಜಯ್ಯ ಚನ್ನರಾಯಪಟ್ಟಣಕ್ಕೆ ಹೊರಟರು. ಅಲ್ಲಿ ಮಗಳು ದಿವ್ಯಾಗೆ ಹೆರಿಗೆಯಾಗಿತ್ತು. ನವಮಿಯ ಸಂಜೆಗೆ ಬರುತ್ತೇನೆ, ಅಲ್ಲಿಯವರೆಗೆ ಇಂಚರ ಬಂದು ಅಭ್ಯಾಸ ಮಾಡಿಕೊಳ್ಳಲಿ, ಟ್ರಂಪೆಟ್ಟು ಮತ್ತು ಹಾಳೆ ಕೊಡು ಎಂದು ರೇವಮ್ಮನಿಗೆ ಹೇಳಿ ಬಸ್ಸು ಹತ್ತಿದರು. ರೇವಮ್ಮ ಆಗಲಿ ಎಂದು ತಲೆಯಾಡಿಸಿದಳು. ಆದರೆ ಅದು ಸಪ್ತಮಿ.

ಶಾಲೆಯಲ್ಲಿ ಆಯುಧಪೂಜೆಯನ್ನು ನವಮಿಯ ಒಂದು ದಿನ ಮಾಡುತ್ತಿದ್ದರು. ರೇವಮ್ಮನ ಲೆಕ್ಕ ಬೇರೆ. ಅವಳು ಸಪ್ತಮಿಯ ಬೆಳಿಗ್ಗೆಯೇ ವಾದ್ಯಗಳನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ಹಾಳೆಗಳ ಕಟ್ಟನ್ನೆಲ್ಲ ಮಣೆಯ ಮೇಲೆ ಪೇರಿಸಿ, ಮಡಿಬಟ್ಟೆ ಹೊದಿಸಿ, ವಿಭೂತಿ ಇಟ್ಟು, ಸರಸ್ವತಿಯನ್ನು ಕೂರಿಸಿ ಬಾಗಿಲು ಹಾಕಿದರೆ ತೆಗೆಯುವುದು ದಶಮಿಯ ಬೆಳಿಗ್ಗೆ. ಪ್ರತಿ ವರ್ಷ ಆ ದಿನಗಳಲ್ಲಿ ಬ್ಯಾಂಡಿನ ಕೋಣೆಗೆ ಯಾರೂ ಬರುತ್ತಿರಲಿಲ್ಲವಾದ್ದರಿಂದ ಇದು ಯಾರಿಗೂ ಅಡ್ಡಿಯಾಗಿರಲಿಲ್ಲ. ಯಾರಿಗೂ ಗೊತ್ತೂ ಇರಲಿಲ್ಲ.

ಅವಳು ಹೀಗೆ ಮಾಡುವುದಕ್ಕೊಂದು ಕಾರಣವಿತ್ತು. ಅರಕಲಗೂಡಿನ ಕಡೆಯ ಹಳ್ಳಿಯಲ್ಲಿ, ಅವಳಿಗೆ ಎಂಟು ವರ್ಷವಿದ್ದಾಗ, ಹೀಗೇ ಸರಸ್ವತಿ ಪೂಜೆಗೆ ಮನೆಯ ಮಕ್ಕಳ ಪುಸ್ತಕ ಸ್ಲೇಟುಗಳನ್ನು ಇಟ್ಟಿದ್ದರು. ಹಿಂದಿನ ವಾರವಷ್ಟೇ ಅವಳಿಗೆ ತನ್ನ ಹೆಸರನ್ನು ಪೂರ್ತಿ ಬರೆಯಲು ಬಂದಿತ್ತು. ತಡೆಯಲಾರದೆ ಮಣೆಯ ಮೇಲಿನ ಸ್ಲೇಟನ್ನು ಎಳೆದುಕೊಂಡು ಹೆಸರು ಬರೆದಳು. ಆ ವರ್ಷವೇ ಅಪ್ಪ ಹೊಗೆಸೊಪ್ಪು ಹಾಕಿದ. ಎಲೆಯನ್ನು ಕಡ್ಡಿಗೆ ಕಟ್ಟಲು ಸಣ್ಣ ಕೈ ಬೇಕೆಂದು ಅವಳನ್ನು ಶಾಲೆ ಬಿಡಿಸಿದ. ಕೈಯೆಲ್ಲ ಅಂಟು ಅಂಟಾಗಿ ಅಳುತ್ತ ಕೂತ ಮೊಮ್ಮಗಳಿಗೆ ಅಜ್ಜಿ ಹೇಳಿದ್ದು ಒಂದೇ ಮಾತು: “ಪೂಜೆಗೆ ಕೂತ ಸರಸ್ವತೀನ ಎಬ್ಬಿಸಿದ್ಯಲ್ಲೇ, ಅದ್ಕೇ ನಿನ್ ಇದ್ಯೆ ಎದ್ದೋಯ್ತು.” ಆಮೇಲೆ ಐವತ್ತು ವರ್ಷ ಅವಳಿಗೆ ಯಾರು ಏನು ಹೇಳಿದರೂ ಆ ಮಾತಿನ ಕೆಳಗೇ.

ಹತ್ತು ಗಂಟೆಗೆ ಇಂಚರ ಬಂದಳು. ಚಪ್ಪಲಿ ಬಿಟ್ಟು ಮೆಟ್ಟಿಲ ಹತ್ತಿರ ನಿಂತಳು.

“ರೇವಜ್ಜಿ, ಟ್ರಂಪೆಟ್ಟು ಕೊಡಿ. ಹದಿನೇಳರ ಹಾಳೇನೂ.”

ಕೊಡುವುದಿಲ್ಲ ಎಂದು ನಿಜ ಹೇಳಿದರೆ ಈ ಹುಡುಗಿ ವಾದ ಮಾಡುತ್ತಾಳೆ, ವಾದದಲ್ಲಿ ತಾನು ಸೋಲುತ್ತೇನೆ ಎಂಬುದು ರೇವಮ್ಮನಿಗೆ ಗೊತ್ತಿತ್ತು. ಸೋತು ಬಾಗಿಲು ತೆಗೆದರೆ ಕೈ ಹಾಕುವವಳು ಈ ಮಗು. ಹೋಗುವುದು ಇವಳ ವಿದ್ಯೆ.

“ಕೀಲಿ ನನ್ನತ್ರ ಇಲ್ಲ ಕಣವ್ವ,” ಎಂದಳು. “ಎಡ್ಮಾಷ್ಟ್ರು ತಕ್ಕೊಂಡೋದ್ರು.”

ಹೆಡ್ಮಾಸ್ಟರು ಯೋಗಾನರಸಿಂಹ ಅವರು ಹಿಂದಿನ ದಿನವೇ ಮನೆಯವರೊಡನೆ ತಿರುಪತಿಗೆ ಹೋಗಿದ್ದರು. ಫೋನು ಹತ್ತಲಿಲ್ಲ. ಇಂಚರ ನಂಜಯ್ಯನವರಿಗೆ ಫೋನು ಮಾಡಿದಳು. ಮೇಷ್ಟ್ರು ಫೋನನ್ನು ರೇವಮ್ಮನಿಗೆ ಕೊಡು ಎಂದರು. ಕೀಲಿ ಇಲ್ಲವೇ ಎಂದು ಕೇಳಿದರು. ಇಲ್ಲ ಎಂದಳು. ಸೊಂಟದಲ್ಲಿ ಬಚ್ಚಿಟ್ಟಿದ್ದ ಕೀಲಿ ಗೊಂಚಲನ್ನು ಸೀರೆಯೊಳಕ್ಕೆ ಇನ್ನಷ್ಟು ಒತ್ತಿಕೊಂಡಳು. ಆಮೇಲೆ ಸರಿ ಬಿಡು ಎಂದು ಇಟ್ಟರು.

ಅಷ್ಟಮಿಯ ದಿನವೂ ಹುಡುಗಿ ಬಂದು ನೋಡಿ ಹೋದಳು. ನವಮಿಯ ದಿನ ಅವಳು ಮನೆಯ ಹಿತ್ತಿಲಲ್ಲಿ ಎಣ್ಣೆ ಸುರಿಯುವ ಆಲಿಕೆಗೆ ಗಿಡಕ್ಕೆ ನೀರು ಹಾಯಿಸುವ ಪೈಪಿನ ತುಂಡು ಸಿಕ್ಕಿಸಿಕೊಂಡು ಊದುತ್ತಿದ್ದಾಳೆ, ಪಕ್ಕದ ಮನೆಯವರು ಎಮ್ಮೆ ಯಾವಾಗ ತಂದಿರಿ ಎಂದು ಕೇಳಿದರಂತೆ ಎಂದು ಬೇರೆ ಮಕ್ಕಳು ನಗುತ್ತ ಹೇಳಿದರು. ರೇವಮ್ಮ ನಗಲಿಲ್ಲ. ಸೀರೆಯ ಮಡಿಕೆಯೊಳಗಿನ ಗೊಂಚಲನ್ನು ಅಂಗೈಯಲ್ಲಿ ಒತ್ತಿ ಹಿಡಿದಳು. ಇನ್ನೊಂದು ರಾತ್ರಿ ಕಳೆದರೆ ಸರಿಹೋಗುತ್ತದೆ ಎಂದುಕೊಂಡಳು.

ದಶಮಿಯ ಬೆಳಿಗ್ಗೆ ಬಾಗಿಲು ತೆಗೆದಳು. ಎಲ್ಲ ವಾದ್ಯಕ್ಕೂ ಒಂದು ಸಲ ಆರತಿಯೆತ್ತಿದರೆ ಇಂಚರಳ ಟ್ರಂಪೆಟ್ಟಿಗೆ ಮೂರು ಸಲ ಎತ್ತಿದಳು.

ಹಾಳೆ ನೋಡಿಕೊಳ್ಳಲು ಅವಳೂ ಬಸ್ಸಿನಲ್ಲಿ ಹಾಸನಕ್ಕೆ ಹೋದಳು. ಮೈದಾನದಲ್ಲಿ ಪೆಂಡಾಲು, ಮುಂದೆ ಸೋಫಾ, ಹಿಂದೆ ಕುರ್ಚಿಗಳು, ಅದರ ಹಿಂದೆ ಜನ. ಅತಿಥಿಗಳ ಕಾರು ಬಂದಾಗ ನಂಜಯ್ಯ ಕೈಯೆತ್ತಿದರು. ಮೊಳಗು ಶುರುವಾದ ಕೂಡಲೇ ಕಡಲೆಕಾಯಿ ತಿನ್ನುತ್ತಿದ್ದವರು ಕೂಡ ಎದ್ದು ನಿಂತರು. ಸ್ವರ ಏರಿತು, ಮತ್ತೆ ಏರಿತು, ತುದಿಗೆ ಹೋಯಿತು. ರೇವಮ್ಮ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಅದು ಒಡೆಯಿತು. ಸೀಳು ಬಿದಿರಿನ ಹಾಗೆ ಒಮ್ಮೆ ಕಿರುಗುಟ್ಟಿ ನಿಂತೇ ಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಕುರಿಯ ಹಾಗೆ ಕೂಗಿದರು, ನಾಲ್ಕಾರು ಜನ ನಕ್ಕರು. ನಂಜಯ್ಯ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದರು. ಮತ್ತೆ ಎತ್ತಿದಾಗ ಬ್ಯಾಂಡು ಯಾವಾಗಲೂ ಬಾರಿಸುವ ನಾಲ್ಕನೇ ನಂಬರನ್ನು ಬಾರಿಸಿತು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನವರಿಗೆ ಏನಾಯಿತೆಂದು ತಿಳಿದೂ ಇರಲಿಲ್ಲ.

ಇಂಚರ ಆ ನಾಲ್ಕನೇ ನಂಬರಿನಲ್ಲಿ ಊದಲಿಲ್ಲ. ಟ್ರಂಪೆಟ್ಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಕೆಳದುಟಿಯಲ್ಲಿ ರಕ್ತದ ಚುಕ್ಕೆಯಿತ್ತು.

ರಜೆ ಮುಗಿದ ಮೇಲೆ ಅವಳು ಬಂದು ವಾದ್ಯ ಒಪ್ಪಿಸಿದಳು. ನನ್ನ ತುಟಿಗೆ ಇದು ಆಗುವುದಿಲ್ಲ ಸಾರ್, ಪರೀಕ್ಷೆಗೆ ಓದುತ್ತೇನೆ ಎಂದಳಂತೆ. ನಂಜಯ್ಯ ಒತ್ತಾಯ ಮಾಡಲಿಲ್ಲ. ಆ ಮಾರ್ಚಿಗೆ ಅವರೂ ಬಿಟ್ಟರು, ಕಿವಿ ಮಂದವಾಗತೊಡಗಿತ್ತು. ಚನ್ನರಾಯಪಟ್ಟಣಕ್ಕೆ ಮಗಳ ಮನೆಗೆ ಹೋದರು. ಹೋಗುವಾಗ ಹದಿನೇಳನ್ನು ತಾವೇ ಬೀರುವಿನಲ್ಲಿಟ್ಟು, ಇನ್ನು ಇದನ್ನು ಯಾರಿಗೂ ತೆಗೆದು ಕೊಡಬೇಡ ಎಂದರು. ರೇವಮ್ಮ ನಿಜ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಆಟೋದವನು ಹಾರ್ನ್ ಹೊಡೆದ.

ಮೂರು ವರ್ಷ ಕಳೆಯಿತು. ಹೊಸದಾಗಿ ಬಂದ ಬ್ಯಾಂಡ್ ಮೇಷ್ಟ್ರು ರಜನೀಶ್ ಒಳ್ಳೆಯ ಹುಡುಗ. ಅವನ ಸ್ವರಗಳೆಲ್ಲ ಮೊಬೈಲಿನಲ್ಲಿದ್ದವು. ಬೀರುವನ್ನು ಆಟದ ಸಾಮಾನಿಗೆ ಕೊಟ್ಟು ಹಳೆಯ ಹಾಳೆಗಳನ್ನು ರದ್ದಿಗೆ ಹಾಕುವುದೆಂದಾಯಿತು. ರೇವಮ್ಮನೂ ಆ ತಿಂಗಳು ನಿವೃತ್ತಿಯಾಗುವವಳಿದ್ದಳು. ಅವಳು ಹೆಡ್ಮಾಸ್ಟರ ಬಳಿ ಹೋಗಿ, ಹದಿನೇಳನೇ ನಂಬರು ನಂಜಯ್ಯನವರು ಸ್ವಂತ ಕೈಯಲ್ಲಿ ಬರೆದದ್ದು, ಅವರಿಗೇ ತಲುಪಿಸಿ ಬರುತ್ತೇನೆ ಎಂದು ಕೇಳಿಕೊಂಡಳು. ತೆಗೆದುಕೊಂಡು ಹೋಗಮ್ಮ ಎಂದರು.

ಚನ್ನರಾಯಪಟ್ಟಣದಲ್ಲಿ ನಂಜಯ್ಯ ಜಗಲಿಯ ಮೇಲೆ ಮೂರು ವರ್ಷದ ಮೊಮ್ಮಗಳಿಗೆ ಕಿತ್ತಳೆ ಬಿಡಿಸಿ ಕೊಡುತ್ತಿದ್ದರು. ರೇವಮ್ಮನನ್ನು ಕಂಡು ಮುಖ ಅರಳಿತು. ಅವಳು ಕಟ್ಟನ್ನು ಅವರ ಪಕ್ಕದಲ್ಲಿಟ್ಟಳು. ದಾರಿಯುದ್ದಕ್ಕೂ ಅವಳು ಮಾತನ್ನು ಕೂಡಿಸಿಕೊಂಡು ಬಂದಿದ್ದಳು. ಮೆಲ್ಲಗೆ ಹೇಳಿದಳು. ಮೇಷ್ಟ್ರು ಕಿವಿಗೆ ಕೈ ಹಚ್ಚಿ, ಏನಂದೆ ಎಂದರು. ಮತ್ತೆ ಹೇಳಿದಳು. ಕೇಳಲಿಲ್ಲ. ಮೂರು ವರ್ಷ ಯಾರಿಗೂ ಗೊತ್ತಾಗದ ಹಾಗೆ ಇಟ್ಟುಕೊಂಡಿದ್ದನ್ನು ಅವಳು ಬೀದಿಗೆ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು.

“ಕೀಲಿ ನನ್ನತ್ರಾನೇ ಇತ್ತು ಮೇಷ್ಟ್ರೇ. ಅವತ್ತು ಸುಳ್ಳು ಯೋಳಿದೆ.”

ಒಳಗೆ ತಿರುಗುತ್ತಿದ್ದ ಮಿಕ್ಸಿ ನಿಂತಿತು. ದಿವ್ಯಾ ಬಾಗಿಲಿಗೆ ಬಂದು ನೋಡಿ ಹಾಗೇ ಒಳಗೆ ಹೋದಳು. ನಂಜಯ್ಯ ಕಿತ್ತಳೆಯ ನಾರನ್ನು ಒಂದೊಂದಾಗಿ ತೆಗೆದರು.

“ಗೊತ್ತಿತ್ತು ಕಣಮ್ಮ. ಪೋನಿನಲ್ಲಿ ನಿನ್ ಗೊಂಚಲು ಸದ್ದಾಯ್ತಲ್ಲ. ಆಗ ನನ್ ಕಿವಿ ಚೆನ್ನಾಗಿತ್ತು.”

ರೇವಮ್ಮನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

“ಪೂಜೆಗಿಟ್ಟವ್ಳೆ ಅಂತ ತಿಳೀತು,” ಎಂದರು ಮೇಷ್ಟ್ರು. “ಬಯ್ದು ತೆಗೆಸ್ಬೋದಾಗಿತ್ತು. ಮನೇಲಿ ಬಾಣಂತಿ, ಅಸಗೂಸು. ನಂಗೂ ಒಂಥರಾ ಭಯ ಆಯ್ತು. ಸುಮ್ಕಾದೆ.” ಕಿತ್ತಳೆಯ ತೊಳೆಯೊಂದನ್ನು ಮೊಮ್ಮಗಳ ಕೈಗಿಟ್ಟು ಕೇಳಿದರು, “ಆ ಮಗೀಗೆ ಯೋಳಿದ್ಯಾ?”

ಇಲ್ಲ ಎಂದು ತಲೆಯಾಡಿಸಿದಳು.

“ಅದು ತನ್ ತುಟೀದೇ ತಪ್ಪು ಅಂತ ಅನ್ಕೊಂಡದೆ. ನಾವಿಬ್ರೂ ಅಂಗೇ ಅನ್ಕೊಳ್ಳಕ್ಕೆ ಬಿಟ್ಬುಟ್ವಿ.”

ಕಟ್ಟಿನಿಂದ ಮೊದಲ ಟ್ರಂಪೆಟ್ಟಿನ ಹಾಳೆಯೊಂದನ್ನು ತೆಗೆದು ಅವಳ ಕೈಗೆ ಕೊಟ್ಟರು. ಮಿಕ್ಕದ್ದನ್ನು ಇಟ್ಟುಕೊಂಡರು.

ಇಂಚರ ಆಗ ಹಾಸನದಲ್ಲಿ ಡಿಗ್ರಿಯ ಮೊದಲ ವರ್ಷ ಓದುತ್ತಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು ಸಂಜೆ ನಾಲ್ಕೂವರೆಗೆ ಅಲ್ಲಿನ ಬಸ್‌ಸ್ಟ್ಯಾಂಡಿಗೆ ಬರುತ್ತಾಳೆಂದು ರೇವಮ್ಮ ವಿಚಾರಿಸಿ ತಿಳಿದುಕೊಂಡಿದ್ದಳು. ಎರಡು ಗಂಟೆಗೇ ಹೋಗಿ ಸಿಮೆಂಟು ಬೆಂಚಿನ ಮೇಲೆ ಕೂತಳು. ಹುಡುಗಿ ಎತ್ತರವಾಗಿದ್ದಳು. ಗುರುತು ಹಿಡಿದು, ರೇವಜ್ಜಿ, ನೀವಿಲ್ಲಿ ಎಂದು ಪಕ್ಕದಲ್ಲಿ ಬಂದು ಕೂತಳು. ರೇವಮ್ಮ ಮೊದಲಿನಿಂದ ಹೇಳಿದಳು. ಸ್ಲೇಟನ್ನೂ ಬಿಡಲಿಲ್ಲ, ಹೊಗೆಸೊಪ್ಪನ್ನೂ ಬಿಡಲಿಲ್ಲ, ಮೂರು ಸಲ ಎತ್ತಿದ ಆರತಿಯನ್ನೂ ಬಿಡಲಿಲ್ಲ. ಇಂಚರ ನಡುವೆ ಬಾಯಿ ಹಾಕದೆ ಕೇಳಿದಳು.

“ಕೊಟ್ಟಿದ್ರೂ ಬರ್ತಿತ್ತೋ ಇಲ್ವೋ, ಅದು ಯಾರಿಗೆ ಗೊತ್ತು,” ಎಂದಳು ಆಮೇಲೆ. “ಆದ್ರೆ ಮಾರನೇ ದಿನಾನಾದ್ರೂ ಹೇಳಿದ್ರೆ, ನಿಮ್ಮ ಜೊತೆ ಚೆನ್ನಾಗಿ ಜಗಳ ಆಡ್ತಿದ್ದೆ ಅಜ್ಜಿ. ಬಿಡ್ತಿರಲಿಲ್ಲ.”

ರೇವಮ್ಮ ಚೀಲದಿಂದ ಹಾಳೆ ತೆಗೆದುಕೊಟ್ಟಳು. ಇಂಚರ ಅದನ್ನು ಮಡಿಲಲ್ಲಿ ಬಿಡಿಸಿದಳು. ಪೆನ್ಸಿಲಿನ ಗೆರೆಗಳನ್ನು ಕೆಳಗಿನಿಂದ ಒಂದೊಂದಾಗಿ ಓದಿಕೊಂಡು ಹೋದಳು, ತನಗಿಂತ ಮೊದಲಿನವರ ಹೆಸರು, ವರ್ಷ. ಕಟ್ಟಕಡೆಯ ಸ್ವರದ ಮೇಲೊಂದು ಗೆರೆಯಿತ್ತು. ಅದರ ಪಕ್ಕದಲ್ಲಿ ಅವಳ ಹೆಸರು, ಷಷ್ಠಿಯ ದಿನದ ತಾರೀಖು. ಮೇಷ್ಟ್ರು ಅದನ್ನು ಯಾವಾಗ ಬರೆದರೆಂದು ಅವಳಿಗೆ ಗೊತ್ತಿರಲಿಲ್ಲ. ಹಾಸನದ ದಿನಕ್ಕೆ ಗೆರೆಯೇ ಇರಲಿಲ್ಲ.

ಅವಳ ಬಲಗೈಯ ಮೂರು ಬೆರಳು ಹಾಳೆಯ ಅಂಚಿನಲ್ಲಿ ಒತ್ತುವುದು ಬಿಡುವುದು ಮಾಡತೊಡಗಿದವು. ಮೊದಲು ತಡವರಿಸಿದವು, ಆಮೇಲೆ ಓಡಿದವು. ಎಲ್ಲೂ ನಿಲ್ಲಲಿಲ್ಲ. ಕೊನೆಯ ಸಾಲಿನ ತುದಿಗೆ ಬಂದಾಗ ಮೂರೂ ಬೆರಳು ಮೇಲೆದ್ದು ಹಾಗೇ ನಿಂತವು. ಬೆರಳಿಗೆ ಕೆಲಸವಿಲ್ಲದ ಸ್ವರ. ಬೆಂಚಿನ ಮೇಲೆ ಕೇಳುವುದಕ್ಕೂ ಏನೂ ಇರಲಿಲ್ಲ, ನೋಡುವುದಕ್ಕೂ ಏನೂ ಇರಲಿಲ್ಲ. ಹುಡುಗಿಯ ತುಟಿ ಮಾತ್ರ ಬಿಗಿಯಾಗಿ ಕೂಡಿತ್ತು.

ರೇವಮ್ಮ ಒಳಗೊಳಗೇ ಎಣಿಸಿದಳು. ಐದು ದಾಟಿತು. ಹನ್ನೊಂದಕ್ಕೆ ಹೊಳೆನರಸೀಪುರದ ಬಸ್ಸು ಎದುರಿಗೇ ಬಂದು ನಿಂತಿತು, ಕಂಡಕ್ಟರು ಹತ್ತಿ ಹತ್ತಿ ಎಂದು ಕೂಗಿದ, ಜನ ಸೀಟು ಹಿಡಿಯಲು ನುಗ್ಗಿದರು. ರೇವಮ್ಮ ಏಳಲಿಲ್ಲ, ಹುಡುಗಿಯನ್ನೂ ಎಬ್ಬಿಸಲಿಲ್ಲ. ಹದಿನಾರು ಆಗುವವರೆಗೂ ಕೂತೇ ಇದ್ದಳು.